ಗೊರಗೊರದ ಆಕರ್ಷಣೆ

ಹೆವಿ ಮೆಟಲ್ ಎಂದು ಹೆಸರಾದ ಸಂಗೀತ ಮೊದಮೊದಲು ಮೊಳೆತ ಊರುಗಳನ್ನು ಭೂಪಟದಲ್ಲಿ ಗುರುತಿಸುತ್ತ ಹೋದರೆ, ಅವುಗಳಲ್ಲಿ ಹಲವು ಕಬ್ಬಿಣ ಕರಗಿಸುವ, ಕಲ್ಲಿದ್ದಲು ತೆಗೆಯುವ, ಹಡಗು ಕಟ್ಟುವ ಊರುಗಳೇ ಆಗಿರುವುದು ಕಾಣುತ್ತದೆ. ಬ್ಲ್ಯಾಕ್ ಸಬತ್ ತಂಡದ ತವರಾದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಲೋಹದ ಕಾರ್ಖಾನೆಗಳಿಗೆ ಹೆಸರಾದ ನಗರ. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ 1965ರಲ್ಲಿ ತಗಡಿನ ಕಾರ್ಖಾನೆಯೊಂದರ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಆ ಬೆರಳುಗಳಿಗೆ ಟೊಪ್ಪಿಗೆ ಮಾಡಿ ತೊಡಿಸಿ, ಒತ್ತಲು ಹಗುರವಾಗಲೆಂದು ಮುಂದೆ ತಂತಿಗಳನ್ನೂ ಸಡಿಲಿಸಿಕೊಂಡದ್ದರಿಂದ ಆ ಸಂಗೀತಕ್ಕೆ ತಗ್ಗಿನ, ಭಾರದ ದನಿ ಬಂತೆಂದು ಹೇಳುವುದುಂಟು. ಅದೇ ಸೀಮೆಯ ಜೂಡಾಸ್ ಪ್ರೀಸ್ಟ್ ತಂಡ 1980ರ ತನ್ನ ಆಲ್ಬಮ್ಮಿಗೆ ‘ಬ್ರಿಟಿಷ್ ಸ್ಟೀಲ್’ ಎಂದೇ ಹೆಸರಿಟ್ಟಿತು. ಬ್ಲ್ಯಾಕ್ ಮೆಟಲ್ ಎಂಬ ಒಳಪಂಗಡಕ್ಕೆ ಹೆಸರು ಸಿಕ್ಕಿದ್ದು 1982ರಲ್ಲಿ ಅದೇ ಹೆಸರಿನ ಆಲ್ಬಮ್ ತಂದ ವೆನಮ್ ತಂಡದಿಂದ. ಆ ತಂಡದ ಊರು ಕಲ್ಲಿದ್ದಲಿಗೂ ಹಡಗುಕಟ್ಟೆಗೂ ಪ್ರಸಿದ್ಧವಾಗಿದ್ದ ನ್ಯೂಕ್ಯಾಸಲ್. ದೂರದ ಬ್ರೆಜಿಲ್‌ನಲ್ಲಿ 1987ರಲ್ಲಿ ಮುಖಕ್ಕೆ ಬಿಳಿ ಕಪ್ಪು ಬಳಿದುಕೊಂಡು ತನ್ನ ಮೊದಲ ಆಲ್ಬಮ್ ತಂದ ಸಾರ್ಕೊಫಾಗೊ ತಂಡವೂ ಆ ದೇಶದ ಕಬ್ಬಿಣದ ಅದಿರಿನ ಸೀಮೆಯಾದ ಮಿನಾಸ್ ಜೆರೈಸ್ ರಾಜ್ಯದ ರಾಜಧಾನಿ ಬೆಲೊ ಹೊರಿಜಾಂಟೆಯದೇ.

ಊರಿನ ಕಸುಬೇ ಸಂಗೀತವನ್ನು ಹುಟ್ಟಿಸುವುದಾದರೆ ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ ಆ ಅರ್ಹತೆ ಬೇಕಾದಷ್ಟಿತ್ತು. ಬೆಂಕಿಪುರ ಎಂಬ ಅದರ ಹಳೆಯ ಹೆಸರನ್ನು ಕೇಳಿದರೆ ಯಾವುದೇ ಮೆಟಲ್ ತಂಡವಾದರೂ ಕಣ್ಣು ಮುಚ್ಚಿಕೊಂಡು ತನ್ನದಾಗಿಸಿಕೊಂಡೀತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಯೋಜನೆಯಂತೆ 1918ರಲ್ಲಿ ಇಲ್ಲಿ ತಳವೂರಿ 1923ರಲ್ಲಿ ಕಬ್ಬಿಣ ಕೊಡಲಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಬೇರೆಡೆಯ ಕಾರ್ಖಾನೆಗಳಂತೆ ಕಲ್ಲಿದ್ದಲನ್ನು ನೆಚ್ಚದೆ, ಮಲೆನಾಡಿನ ಕಾಡಿನ ಕಟ್ಟಿಗೆಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ತನ್ನ ಊದುಕುಲುಮೆಯನ್ನು ಉರಿಸುತ್ತಿತ್ತು. ಕೆಳಗಿನಿಂದ ಬಿಸಿಗಾಳಿ ಊದಿ ಅದಿರನ್ನು ಕರಗಿಸುವ ಎತ್ತರದ ಒಲೆಯೇ ಊದುಕುಲುಮೆ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿದು ಬರುತ್ತಿತ್ತು. ಕುಲುಮೆಯ ಬಾಯಿಗೆ ಮೆತ್ತಿದ್ದ ಜೇಡಿಮಣ್ಣಿನ ಬಿರಡೆಯನ್ನು ಹಾರೆಯಿಂದ ಒಡೆದಾಗ ಕಿಡಿ ಚಿಮ್ಮಿಸುತ್ತ ಹೊರಬೀಳುವ ಕೆಂಪು ದ್ರವ ಮರಳಿನ ಕಾಲುವೆಯಲ್ಲಿ ಹರಿಯುವುದು, ಅದರ ಜೊತೆಗೆ ಗಾಳಿ ಊದುವ ಯಂತ್ರದ ಬಿಡುವಿಲ್ಲದ ಮೊರೆತ, ಮೂರು ಪಾಳಿಗೂ ಕೂಗುವ ಸೈರನ್, ಸರಕು ಬಂಡಿಗಳ ಕೊಕ್ಕೆ ಕೂಡಿಸುವ ಖಣಿಲು — ಇಷ್ಟೆಲ್ಲ ಸದ್ದನ್ನು ತೊಟ್ಟಿಲಲ್ಲೇ ಕೇಳಿ ಬೆಳೆದ ಎರಡು ಮೂರು ತಲೆಮಾರುಗಳು ಈ ಊರಿನಲ್ಲಿವೆ. ಆದರೂ ಲೋಕದಲ್ಲಿ ಹೆಸರಾದ ಮೆಟಲ್ ತಂಡವೊಂದು ಭದ್ರಾವತಿಯಿಂದ ಹೊರಡಲಿಲ್ಲ. ಕಬ್ಬಿಣ ಕರಗಿಸಿ ಮನೆಗೆ ಬಂದವರು ಹಾರ್ಮೋನಿಯಂ, ಭಜನೆ, ನಾಟಕ, ಆರ್ಕೆಸ್ಟ್ರಾಗಳ ಕಡೆಗೆ ಹೊರಳಿದರು. ದಿನವಿಡೀ ಸದ್ದಿನಲ್ಲಿ ನಿಂತವರಿಗೆ ಸಂಜೆ ಇಂಪು ಬೇಕಾಗುವುದು ಸಹಜವೇ ಆಗಿದೆ.

ಇದಕ್ಕೆ ಬದಲಾಗಿ ಈ ಊರು ಸೀಮೆಗೆಲ್ಲ ಕೊಟ್ಟ ಸದ್ದು ಬೇರೆಯದು. ಆಕಾಶವಾಣಿ ಭದ್ರಾವತಿ ಕೇಂದ್ರ ಕಳೆದ ಶತಮಾನದ ಅರವತ್ತರ ದಶಕದಿಂದ ಮಧ್ಯಮ ತರಂಗದಲ್ಲಿ, 675 ಕಿಲೋಹರ್ಟ್ಸ್‌ನಲ್ಲಿ, ಎಂದರೆ ಸುಮಾರು 444 ಮೀಟರ್ ಉದ್ದದ ಅಲೆಯಲ್ಲಿ ಪ್ರಸಾರ ಮಾಡಿದ ಕೃಷಿರಂಗವನ್ನೂ ಚಿತ್ರಗೀತೆಗಳನ್ನೂ ಸುಗಮ ಸಂಗೀತವನ್ನೂ ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳ ಜನ ಕೇಳಿದ್ದು ಗೊರಗೊರದ ಜೊತೆಯಲ್ಲಿ. ಮಧ್ಯಮ ತರಂಗದ ಕೇಂದ್ರಗಳನ್ನು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಒತ್ತೊತ್ತಾಗಿ ಕೂರಿಸಿರುವುದರಿಂದ ಸಾಮಾನ್ಯ ರೇಡಿಯೋ ಪೆಟ್ಟಿಗೆ ಸ್ವರದ ಮೇಲಿನ ಹೊಳಪನ್ನೆಲ್ಲ ಕತ್ತರಿಸಿಬಿಡುತ್ತದೆ. ಪಿಟೀಲಿನ ನಯ, ತಾಳದ ಕಿಣಿಕಿಣಿ ಆ ಕತ್ತರಿಗೆ ಸಿಗುವ ಮೊದಲ ಬಲಿಗಳು. ಪಕ್ಕದ ಮನೆಯ ಮಿಕ್ಸಿ ತಿರುಗಿದರೆ ಹಾಡಿನೊಳಗೆ ಮಿಕ್ಸಿಯೂ ಹಾಡುತ್ತದೆ, ಗುಡುಗು ಬಂದರೆ ಗುಡುಗಿಗಿಂತ ಮೊದಲೇ ಪಟಪಟ ಎನ್ನುತ್ತದೆ, ಕತ್ತಲಾದ ಮೇಲೆ ಆಕಾಶದ ಮೇಲ್ಪದರಗಳಿಗೆ ತಾಗಿ ಮರಳುವ ದೂರದ ಕೇಂದ್ರಗಳು ಅಪರಿಚಿತ ಭಾಷೆಯಲ್ಲಿ ನಡುವೆ ಬಾಯಿ ಹಾಕುತ್ತವೆ. ಆ ಗೊರಗೊರವನ್ನು ಯಾರೂ ಬಯಸಿ ಪಡೆದಿರಲಿಲ್ಲ. ಎಫ್.ಎಂ. ಬಂದೊಡನೆ ಜನ ಮುಳ್ಳನ್ನು ಆ ಕಡೆಗೆ ತಿರುಗಿಸಿದರು. ಯಾರೊಬ್ಬರೂ ಹಳೆಯ ಗದ್ದಲವೇ ಬೇಕೆಂದು ಅರ್ಜಿ ಬರೆಯಲಿಲ್ಲ. ಬಡತನದಿಂದ ಬಂದ ಒರಟುತನಕ್ಕೂ ಬೇಕೆಂದೇ ಆಯ್ದುಕೊಂಡ ಒರಟುತನಕ್ಕೂ ಇರುವ ಅಂತರ ಇಲ್ಲಿಯೇ ತಿಳಿಯುತ್ತದೆ, ಬ್ಲ್ಯಾಕ್ ಮೆಟಲ್ಲಿನ ಮರ್ಮವೂ ಆ ಅಂತರದಲ್ಲಿಯೇ ಇದೆ.

ಏಕೆಂದರೆ ಕಾರ್ಖಾನೆಯ ಊರುಗಳ ಸಿದ್ಧಾಂತ ನಾರ್ವೆಗೆ ಬರುತ್ತಲೇ ಮುರಿದು ಬೀಳುತ್ತದೆ. 1990ರ ದಶಕದ ಆರಂಭದಲ್ಲಿ ಈ ಸಂಗೀತಕ್ಕೆ ಇಂದಿನ ರೂಪ ಕೊಟ್ಟ ಹುಡುಗರು ಹಸಿದವರಲ್ಲ, ಕುಲುಮೆಯ ಮುಂದೆ ನಿಂತವರೂ ಅಲ್ಲ. ಅವರು ತೈಲದ ಹಣದಿಂದ ನೆಮ್ಮದಿಯಾಗಿದ್ದ ದೇಶವೊಂದರ ಓಸ್ಲೋ, ಬರ್ಗನ್ ನಗರಗಳ ಸುತ್ತಮುತ್ತಲ ಅಚ್ಚುಕಟ್ಟಾದ ಬಡಾವಣೆಗಳ ಮಕ್ಕಳು. ಒಳ್ಳೆಯ ಸ್ಟುಡಿಯೋ, ಒಳ್ಳೆಯ ವಾದ್ಯ, ನುರಿತ ಧ್ವನಿ ತಂತ್ರಜ್ಞ ಅವರ ಕೈಗೆಟುಕದ ವಸ್ತುಗಳಾಗಿರಲಿಲ್ಲ. ಆ ಹುಡುಗರ ಮೇಹೆಮ್ ತಂಡದ 1994ರ ಹೆಸರಾಂತ ಆಲ್ಬಮ್ ಧ್ವನಿಮುದ್ರಣಗೊಂಡದ್ದು ಬರ್ಗನ್ನಿನ ಗ್ರೀಗ್ ಸಭಾಂಗಣದಲ್ಲಿ, ಎಂದರೆ ನಾರ್ವೆಯ ಶಾಸ್ತ್ರೀಯ ಸಂಗೀತದ ಮಹಾ ರಚನಕಾರ ಎಡ್ವರ್ಡ್ ಗ್ರೀಗ್ ಹೆಸರಿನಲ್ಲಿ ಕಟ್ಟಿದ, ಆ ಊರಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸುವ ಜಾಗದಲ್ಲಿ. ಅಲ್ಲಿ ಕುಳಿತು ಶುಚಿಯಾದ ನಾದವನ್ನು ತೆಗೆಯಲು ಯಾವ ಅಡ್ಡಿಯೂ ಇರಲಿಲ್ಲ. ತೆಗೆಯಬಾರದೆಂದು ತೀರ್ಮಾನಿಸಿದ್ದರು.

ಹೊಸಬರಿಗಾಗಿ ಈ ಸಂಗೀತದ ಅಂಗಗಳನ್ನು ಹೇಳಬೇಕು. ಇದರ ಮುಖ್ಯ ವಾದ್ಯ ಎಲೆಕ್ಟ್ರಿಕ್ ಗಿಟಾರ್. ತಂತಿಯ ಕಂಪನದಿಂದ ಹುಟ್ಟಿದ ವಿದ್ಯುತ್ ಸಂಕೇತವನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಹಿಗ್ಗಿಸಿದಾಗ ಅಲೆಯ ತುದಿಗಳು ಮೇಲೂ ಕೆಳಗೂ ಚಪ್ಪಟೆಯಾಗಿ ಕತ್ತರಿಸಿ ಹೋಗುತ್ತವೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಕಂಪನವುಳ್ಳ ಉಪಸ್ವರಗಳು ಗುಂಪುಗೂಡಿ ಬರುತ್ತವೆ. ಗಿಟಾರಿನವರು ಡಿಸ್ಟಾರ್ಷನ್ ಎಂದು ಕರೆಯುವ ಕರ್ಕಶತೆ ಇದೇ. ಆ ತಂತಿಯನ್ನು ಮೀಟುಗೋಲಿನಿಂದ ಮೇಲೆ ಕೆಳಗೆ ಬಿಡುವಿಲ್ಲದೆ ಅತಿ ವೇಗವಾಗಿ ಮೀಟುತ್ತ ಹೋಗುವುದಕ್ಕೆ ಟ್ರೆಮೊಲೊ ಎಂದು ಹೆಸರು; ಹೀಗೆ ಮೀಟಿದಾಗ ಬಿಡಿ ಬಿಡಿ ಪೆಟ್ಟುಗಳು ಕೇಳುವುದು ನಿಂತು ಒಂದೇ ಎಳೆಯಾಗಿ ಸ್ವರ ಹರಿಯುತ್ತದೆ. ಡ್ರಮ್ಮಿನಲ್ಲಿ ಕಾಲಿನ ಪೆಟ್ಟೂ ಕೈಯ ಪೆಟ್ಟೂ ಹೆಣೆದುಕೊಂಡು ಸುರಿಮಳೆಯಂತೆ ಬೀಳುವ ನಡೆಗೆ ಬ್ಲಾಸ್ಟ್ ಬೀಟ್ ಎನ್ನುತ್ತಾರೆ. ಇವುಗಳ ಮೇಲೆ, ಇವುಗಳಿಗಿಂತ ಸ್ವಲ್ಪ ಹಿಂದೆ ನಿಂತಂತೆ, ಹಾಡುಗಾರನ ಕಿರುಚು. ಮನುಷ್ಯನ ಕಿರುಚಿನಲ್ಲಿ ದನಿಯ ಬಲ ಸೆಕೆಂಡಿಗೆ ಸುಮಾರು 30ರಿಂದ 150 ಸಲ ಏರಿಳಿಯುತ್ತದೆಂದೂ ಮಾಮೂಲಿ ಮಾತಿನಲ್ಲಿ ಇಲ್ಲದ ಈ ಒರಟುತನವೇ ಕೇಳುವವರ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುತ್ತದೆಂದೂ ಶ್ರವಣವಿಜ್ಞಾನ ಹೇಳುತ್ತದೆ. ಹಾಗಾಗಿ ಬ್ಲ್ಯಾಕ್ ಮೆಟಲ್ ಮೊದಲ ಸಲ ಕಿವಿಗೆ ಬಿದ್ದಾಗ ಮನೆಯ ಹಿರಿಯರು ಯಾರಿಗೋ ಏನೋ ಆಯಿತೆಂದು ಅಡುಗೆಮನೆಯಿಂದ ಓಡಿ ಬಂದರೆ ಅವರ ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ.

ಈ ಅಂಗಗಳನ್ನು ಹೇಗೆ ಮುದ್ರಿಸಬೇಕೆಂಬುದರಲ್ಲಿ ಅಂಡರ್‌ಗ್ರೌಂಡ್ ಪಂಥದ, ಎಂದರೆ ದೊಡ್ಡ ಕಂಪನಿಗಳ ಆಚೆ ಕೆಲವೇ ನೂರು ಪ್ರತಿಗಳಲ್ಲಿ ಕೈಯಿಂದ ಕೈಗೆ ಸಾಗುವ ಸಂಗೀತದ, ಹಟ ಅಡಗಿದೆ. ಓಸ್ಲೋ ಬಳಿಯ ಕೊಲ್ಬೊಟನ್ ಎಂಬ ಊರಿನ ಡಾರ್ಕ್‌ಥ್ರೋನ್ ತಂಡ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್ಮನ್ನು ಮನೆಯಲ್ಲಿಯೇ, ನಾಲ್ಕು ಹಾದಿಯ ಕ್ಯಾಸೆಟ್ ರೆಕಾರ್ಡರಿನಲ್ಲಿ ಮುಗಿಸಿತು. ಕಿರುಚೊಂದನ್ನು ಬಿಟ್ಟು ಮಿಕ್ಕ ವಾದ್ಯಗಳನ್ನೆಲ್ಲ ನುಡಿಸಿದವನು ಫೆನ್ರಿಜ್ ಎಂಬ ಹೆಸರಿನ ಒಬ್ಬನೇ. ಮಾಮೂಲಿ ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲ. ಅದರಲ್ಲಿ ಒಂದು ಬದಿಗೆ ಎರಡು, ತಿರುವಿ ಹಾಕಿದಾಗ ಎರಡು, ಹೀಗೆ ನಾಲ್ಕು ಸಣ್ಣ ಹಾದಿಗಳಿರುತ್ತವೆ. 1979ರಲ್ಲಿ ಜಪಾನಿನ ಟ್ಯಾಸ್ಕಮ್ ಕಂಪನಿ ತಂದ ಪೋರ್ಟಾಸ್ಟುಡಿಯೋ ಆ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಓಡಿಸಿ, ಗಿಟಾರಿಗೊಂದು, ಡ್ರಮ್ಮಿಗೊಂದು, ಹಾಡಿಗೊಂದು ಎಂದು ಹಂಚಿಕೊಳ್ಳುವ ಅನುಕೂಲವನ್ನು ಮಲಗುವ ಕೋಣೆಗೆ ತಂದಿತ್ತು. ದಾರಿ ಕಿರಿದಾದಷ್ಟೂ ಟೇಪಿನ ಸ್ವಂತ ಉಸಿರು, ಎಂದರೆ ಸದಾ ಕೇಳುವ ಸುಸ್ಸೆಂಬ ಸದ್ದು, ಹೆಚ್ಚು. ಇದೇ ಡಾರ್ಕ್‌ಥ್ರೋನ್ 1991ರಲ್ಲಿ ಹೊರಬಂದ ತನ್ನ ಮೊದಲ ಆಲ್ಬಮ್ಮನ್ನು ಸಾಕಷ್ಟು ಒಳ್ಳೆಯ ಸ್ಟುಡಿಯೋದಲ್ಲಿ ಮಾಡಿತ್ತೆಂಬುದನ್ನು ನೆನೆದರೆ, ಆಮೇಲೆ ನಡೆದದ್ದು ಬೇಕೆಂದೇ ಎಂಬುದು ಸ್ಪಷ್ಟ. ಬುರ್ಜುಮ್ ಹೆಸರಿನಲ್ಲಿ ಒಬ್ಬನೇ ಎಲ್ಲವನ್ನೂ ಮಾಡುತ್ತಿದ್ದ ವರ್ಗ್ ವಿಕೆರ್ನೆಸ್ ಇನ್ನೂ ಮುಂದೆ ಹೋದ: 1993ರಲ್ಲಿ ಮುದ್ರಿಸಿ 1996ರಲ್ಲಿ ಹೊರಬಂದ ‘ಫಿಲೊಸೊಫೆಮ್’ ಆಲ್ಬಮ್ಮಿಗೆ ಸ್ಟುಡಿಯೋದಲ್ಲಿರುವ ಅತಿ ಕೆಟ್ಟ ಮೈಕ್ ಕೊಡಿರೆಂದು ಕೇಳಿ, ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್ಟಿನ ಮೈಕಿನಲ್ಲಿ ಹಾಡಿ, ಗಿಟಾರನ್ನು ಗಿಟಾರಿನ ಆಂಪ್ಲಿಫೈಯರಿಗೆ ಬದಲಾಗಿ ಮನೆಯ ಸ್ಟೀರಿಯೋದ ಆಂಪ್ಲಿಫೈಯರಿಗೆ ಜೋಡಿಸಿದ. ಮುಹೂರ್ತಕ್ಕೆ ಬಾಡಿಗೆ ತಂದ ಮೈಕು ಕಿರ್ರೆಂದಾಗ ಮೈಕಿನವನನ್ನು ಬೈಯುವ ನಾಡಿನವರಿಗೆ ಈ ಬೇಡಿಕೆ ತಲೆ ಕೆಟ್ಟಂತೆ ಕಾಣುವುದು ತಪ್ಪಲ್ಲ.

ಹೀಗೆ ಕೆಡಿಸಿದ ಸದ್ದು ಕೆಲವರಿಗೆ ಏಕೆ ಹಿಡಿಸುತ್ತದೆ ಎಂಬುದಕ್ಕೆ ದಂಗೆಕೋರತನ, ಹದಿಹರೆಯ ಎಂಬ ಉತ್ತರಗಳು ಸಾಲುವುದಿಲ್ಲ. ಮೂವತ್ತು ವರ್ಷ ಕಳೆದು ತಲೆ ನರೆತ ಮೇಲೂ ಕೇಳುವವರಿದ್ದಾರೆ. ಕಿವಿಯ ಸ್ವಭಾವದಲ್ಲಿ ಇದಕ್ಕೊಂದು ಕಾರಣವಿದೆ. ಒಂದು ಸ್ವರವನ್ನು ನಡುನಡುವೆ ಕತ್ತರಿಸಿ, ಆ ಖಾಲಿ ಜಾಗಗಳನ್ನು ಹಾಗೆಯೇ ಬಿಟ್ಟರೆ ಕಿವಿಗೆ ತುಂಡು ತುಂಡಾಗಿಯೇ ಕೇಳುತ್ತದೆ. ಅದೇ ಜಾಗಗಳಲ್ಲಿ ಜೋರಾದ ಗದ್ದಲವನ್ನು ತುಂಬಿದರೆ, ಸ್ವರ ಗದ್ದಲದ ಹಿಂದೆ ಮುರಿಯದೆ ಸಾಗುತ್ತಿದೆಯೆಂದು ಕಿವಿ ನಂಬುತ್ತದೆ, ಇಲ್ಲದ ಭಾಗವನ್ನು ತಾನೇ ಕಟ್ಟಿಕೊಂಡು ಕೇಳಿಸುತ್ತದೆ. ಶಿವಮೊಗ್ಗದ ಆಷಾಢದ ಜಡಿಮಳೆ ತಗಡಿನ ಸೂರಿನ ಮೇಲೆ ಬೀಳುವಾಗ ಒಳಗಡೆ ರೇಡಿಯೋದ ಹಾಡು ಅರ್ಧಕ್ಕರ್ಧ ಮುಳುಗಿದ್ದರೂ ಪೂರ್ತಿ ಕೇಳಿಸಿದಂತೆನಿಸುವುದು, ಕೆಲವೊಮ್ಮೆ ಹಾಡು ಮುಗಿದ ಮೇಲೂ ಮಳೆಯೊಳಗೆ ನಡೆಯುತ್ತಿರುವಂತೆನಿಸುವುದು ಈ ಕಾರಣಕ್ಕೇ. ಒಳ್ಳೆಯ ಬ್ಲ್ಯಾಕ್ ಮೆಟಲ್ ಧ್ವನಿಮುದ್ರಣ ಈ ಗುಣವನ್ನು ಪಳಗಿಸಿ ಬಳಸಿಕೊಳ್ಳುತ್ತದೆ. ಮೊದಲ ಸಲ ಕೇಳಿದಾಗ ಬರೀ ಗೊರಗೊರ; ನಾಲ್ಕನೆಯ ಸಲಕ್ಕೆ ಅದರ ತಳದಲ್ಲಿ ನಿಧಾನವಾಗಿ ನಡೆಯುವ, ಆಶ್ಚರ್ಯವೆನಿಸುವಷ್ಟು ಸರಳವಾದ, ಹಲವು ಸಲ ಶೋಕದ ಛಾಯೆಯಿರುವ ಒಂದು ರಾಗದ ಎಳೆ ಸಿಗುತ್ತದೆ; ಆ ಎಳೆಯಲ್ಲಿ ಎಷ್ಟು ಭಾಗ ಟೇಪಿನಲ್ಲಿದೆ, ಎಷ್ಟು ಭಾಗ ಕೇಳುಗನದೇ ಎಂದು ಹೇಳಲಾಗುವುದಿಲ್ಲ. ನುಣುಪಾದ ಸಿನಿಮಾ ಹಾಡು ಎಲ್ಲವನ್ನೂ ಬಡಿಸಿಟ್ಟು ಕರೆಯುತ್ತದೆ. ಇದು ಕರೆಯುವುದೂ ಇಲ್ಲ, ಕೇಳುಗ ತಾನಾಗಿಯೇ ನಾಲ್ಕು ಹೆಜ್ಜೆ ಒಳಗೆ ಬಂದ ಮೇಲೆ ಮಾತ್ರ ಏನನ್ನಾದರೂ ಕೊಡುತ್ತದೆ. ಹಾಗೆ ಗಳಿಸಿದ್ದನ್ನು ಸುಲಭವಾಗಿ ಬಿಡಲು ಯಾರಿಗೂ ಮನಸ್ಸು ಬಾರದು.

ಬೇಕೆಂದೇ ನಾದಕ್ಕೆ ಒರಟನ್ನು ಬೆರೆಸುವ ಬುದ್ಧಿ ಐರೋಪ್ಯರ ಹುಚ್ಚಾಟವೆಂದು ತಳ್ಳಿಹಾಕುವವರು ಒಂದು ತಂಬೂರಿಯನ್ನು ಹತ್ತಿರದಿಂದ ನೋಡಬೇಕು. ತಂಬೂರಿಯ ಕುದುರೆ, ಎಂದರೆ ತಂತಿಗಳು ಹಾದುಹೋಗುವ ಅಡ್ಡಪಟ್ಟಿ, ಚೂಪಾಗಿರದೆ ಅಗಲವಾಗಿ, ಸ್ವಲ್ಪ ಬಾಗಿದಂತೆ ಇರುತ್ತದೆ. ಅದರ ಮೇಲೆ ತಂತಿಯ ಅಡಿಗೆ ಹತ್ತಿ ಅಥವಾ ರೇಷ್ಮೆಯ ನೂಲಿನ ಎಳೆಯೊಂದನ್ನು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ತಂತಿ ಕಂಪಿಸುವಾಗ ಪಟ್ಟಿಗೆ ತಾಗಿ ತಾಗದಂತೆ ಝೇಂಕರಿಸುವ ಜಾಗವನ್ನು ಹುಡುಕಿ ನಿಲ್ಲಿಸುತ್ತಾರೆ. ಆ ನೂಲಿಗೆ ಜೀವಾಳವೆಂದು ಹೆಸರು. ಅದನ್ನು ತೆಗೆದುಬಿಟ್ಟರೆ ತಂಬೂರಿಯ ಸ್ವರ ಶುದ್ಧವಾಗುತ್ತದೆ, ಸತ್ತೂ ಹೋಗುತ್ತದೆ. ತಂಬೂರಿ ಮತ್ತು ವೀಣೆಯ ಕುದುರೆಯ ಈ ವಿಚಿತ್ರವನ್ನು ಸಿ.ವಿ. ರಾಮನ್ 1921ರಲ್ಲಿ ಅಧ್ಯಯನ ಮಾಡಿ, ಪಾಶ್ಚಾತ್ಯ ತಂತಿವಾದ್ಯಗಳ ನಿಯಮದಂತೆ ಹುಟ್ಟಬಾರದ ಉಪಸ್ವರಗಳೂ ಇಲ್ಲಿ ಬಲವಾಗಿ ಕೇಳುವುದನ್ನು ತೋರಿಸಿದರು. ಕರ್ನಾಟಕ ಸಂಗೀತದ ಮಡಿಯ ನಡುಮನೆಯಲ್ಲಿಯೇ, ಶ್ರುತಿಯೆಂಬ ತಳಹದಿಯಲ್ಲಿಯೇ, ತಂತಿಯನ್ನು ಬೇಕೆಂದೇ ಕೆರೆಸುವ ಏರ್ಪಾಡಿದೆ ಎಂದಾಯಿತು. ಡಿಸ್ಟಾರ್ಷನ್ ಪೆಡಲನ್ನು ಕಾಲಿನಿಂದ ಒತ್ತುವ ಹುಡುಗನಿಗೂ ಜೀವಾಳ ಸರಿಪಡಿಸುವ ವಿದ್ವಾಂಸರಿಗೂ ಉದ್ದೇಶ, ಪ್ರಮಾಣ, ಸಂಸ್ಕಾರ ಎಲ್ಲದರಲ್ಲೂ ಅಂತರವಿದೆ. ಬರಿಯ ಸ್ವರ ಸಾಲದೆಂಬ ಒಂದು ತಿಳಿವಳಿಕೆಯಲ್ಲಿ ಮಾತ್ರ ಇಬ್ಬರೂ ಒಂದೇ ಪಂಕ್ತಿಯವರು.

ಡೊಳ್ಳಿನ ಮಾತು ಇಲ್ಲಿ ಬರಲೇಬೇಕು, ಶಿವಮೊಗ್ಗ ಜಿಲ್ಲೆಯವರು ಅದನ್ನು ಬಿಟ್ಟು ಸದ್ದಿನ ಬಗ್ಗೆ ಬರೆದರೆ ಒಪ್ಪುವುದಿಲ್ಲ. ಬೀರದೇವರ ಒಕ್ಕಲಾದ ಕುರುಬರು ಉಳಿಸಿಕೊಂಡು ಬಂದ ಈ ವಾದ್ಯದ ಹುಟ್ಟಿನ ಕಥೆಯೇ ಯಾವ ಮೆಟಲ್ ಆಲ್ಬಮ್ಮಿನ ಹೊದಿಕೆಗೂ ಕಡಿಮೆಯದಲ್ಲ: ಶಿವನನ್ನೇ ನುಂಗಿದ ಡೊಳ್ಳಾಸುರನನ್ನು ಶಿವ ಒಳಗಿನಿಂದಲೇ ಬೆಳೆದು ಸೀಳಿ, ಅವನ ಚರ್ಮದಿಂದ ಡೊಳ್ಳು ಮಾಡಿದನೆಂದು ಹೇಳುತ್ತಾರೆ. ಹತ್ತಾರು ಡೊಳ್ಳುಗಳು ವೃತ್ತವಾಗಿ ನಿಂತು ಒಟ್ಟಿಗೆ ಮೊಳಗಿದಾಗ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ಘಟ್ಟದ ಮೇಲಿನ ಬಡಗುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸ ವೇಷ ನಡುರಾತ್ರಿ ರಂಗಕ್ಕೆ ಬರುವಾಗ ಚಂಡೆಯ ಅಬ್ಬರದ ನಡುವೆ ಪರದೆಯ ಹಿಂದಿನಿಂದ ಹಾಕುವ ಕೂಗಿಗೂ, ಮುಖದ ಮೇಲಿನ ದಪ್ಪ ಬಣ್ಣಕ್ಕೂ, ನಾರ್ವೆಯ ತಂಡಗಳವರು ಹೆಣದಂತೆ ಕಾಣಲೆಂದು ಮುಖಕ್ಕೆ ಬಳಿದುಕೊಳ್ಳುವ ಬಿಳಿ ಕಪ್ಪು ಬಣ್ಣಕ್ಕೂ ಹೋಲಿಕೆ ಹುಡುಕುವುದು ಸುಲಭ. ಇಷ್ಟು ಹೇಳಿದ ಮೇಲೆ, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂಬ ಹೆಮ್ಮೆಗೆ ಜಾರುವುದು ಇನ್ನೂ ಸುಲಭ. ಆದರೆ ಅದು ಸರಿಯಲ್ಲ. ಡೊಳ್ಳು ಊರನ್ನು ಕೂಡಿಸುವ ವಾದ್ಯ, ದೇವರ ಮುಂದೆ ಹತ್ತು ಜನರ ಹೆಜ್ಜೆಯನ್ನು ಒಂದು ಮಾಡುವ ವಾದ್ಯ. ರಾಕ್ಷಸನ ಆರ್ಭಟ ಬೆಳಗಾಗುವುದರೊಳಗೆ ಅಡಗಿ ಮಂಗಳ ಹಾಡಾಗುತ್ತದೆ. ಬ್ಲ್ಯಾಕ್ ಮೆಟಲ್ಲಿಗೆ ಮಂಗಳವಿಲ್ಲ. ಅದು ಊರಿನಿಂದ ಹೊರಗೆ ನಡೆದುಹೋದವನ ಸಂಗೀತ, ಒಬ್ಬನೇ ಮುದ್ರಿಸಿ ಒಬ್ಬನೇ ಕೇಳುವುದೇ ಅದರ ಸಹಜ ಸ್ಥಿತಿ.

ಒಂಟಿತನದ ಈ ಸಂಗೀತ ಲೋಕವೆಲ್ಲ ಹರಡಿದ್ದು ಅಂಚೆಯಿಂದ ಎಂಬುದು ಸ್ವಾರಸ್ಯ. 1980ರ ದಶಕದಲ್ಲಿ ಒಂದು ಊರಿನವನು ತನ್ನ ಡೆಮೊ, ಎಂದರೆ ಮಾದರಿ ಮುದ್ರಣದ ಕ್ಯಾಸೆಟ್ಟನ್ನು ಇನ್ನೊಂದು ದೇಶದವನಿಗೆ ಕಳಿಸಿ, ಅವನು ಅದರ ನಕಲು ತೆಗೆದು ಮತ್ತೊಬ್ಬನಿಗೆ ಕಳಿಸುತ್ತ ಹೋಗುವ ಏರ್ಪಾಡು ಬೆಳೆಯಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಾಗಲೆಲ್ಲ ಸುಸ್ಸೆಂಬ ಸದ್ದು ಒಂದು ಪದರ ಹೆಚ್ಚಾಗುತ್ತದೆ, ಮೇಲಿನ ಸ್ವರಗಳು ಒಂದು ಪದರ ಮಸುಕಾಗುತ್ತವೆ. ಎರಡು ಡೆಕ್ಕಿನ ಟೇಪ್‌ರೆಕಾರ್ಡರಿನಲ್ಲಿ ಸಿನಿಮಾ ಹಾಡುಗಳನ್ನು ಆಯ್ದು ತುಂಬಿಸಿಕೊಡುತ್ತಿದ್ದ ಅಂಗಡಿಗಳು ಶಿವಮೊಗ್ಗದಂಥ ಊರುಗಳ ಪೇಟೆಬೀದಿಗಳಲ್ಲೆಲ್ಲ ಇದ್ದ ಕಾಲದವರಿಗೆ ಈ ಲಕ್ಷಣ ಚೆನ್ನಾಗಿ ಗೊತ್ತು. ನಕಲಿನ ನಕಲು ಕೊಟ್ಟರೆ ಗಿರಾಕಿ ಜಗಳ ತೆಗೆಯುತ್ತಿದ್ದ. ಅಂಡರ್‌ಗ್ರೌಂಡಿನವರಿಗೆ ಅದೇ ಮಸುಕು ಆ ಟೇಪು ಎಷ್ಟು ಕೈಗಳನ್ನು ದಾಟಿ ಬಂದಿದೆ ಎಂಬುದರ ಗುರುತಾಯಿತು. ಕರ್ನಾಟಕದಲ್ಲಿ ಈ ಜಾಲ ತಲುಪಿದ್ದು ಬೆಂಗಳೂರಿಗೆ. 1991ರಲ್ಲಿ ಅಲ್ಲಿ ಹುಟ್ಟಿದ ಡೈಯಿಂಗ್ ಎಂಬ್ರೇಸ್, 1998ರ ಕ್ರಿಪ್ಟಾಸ್, ಆಮೇಲಿನ ಬೇವರ್ ಸೀ — ಈ ಕೊನೆಯ ಹೆಸರಿಗೆ ಕನ್ನಡಿಗರಿಗೆ ವಿವರಣೆ ಬೇಡ — ಇವೆಲ್ಲ ಮೆಟಲ್ಲಿನ ಬೇರೆ ಬೇರೆ ಕವಲುಗಳ ತಂಡಗಳು. ಅಚ್ಚ ಬ್ಲ್ಯಾಕ್ ಮೆಟಲ್ಲಿನ ಕಡೆಗೆ ಹೆಚ್ಚು ವಾಲಿದ್ದು ಕೋಲ್ಕತ್ತಾ, ಮುಂಬೈಗಳ ತಂಡಗಳು, ಅವುಗಳಲ್ಲಿ ಕೋಲ್ಕತ್ತಾದ ಹೀದನ್ ಬೀಸ್ಟ್ ತನ್ನ ಸದಸ್ಯರ ಗುರುತನ್ನು ಮರೆಮಾಡಿ ಮತೀಯ ದ್ವೇಷದ ವಿರುದ್ಧ ಹಾಡಿದೆ. ಅಯರ್ನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೇಲೆ ಜಿಲ್ಲೆಗಳ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿಯೂ ಕಪ್ಪು ಅಂಗಿಗಳು ಹೆಚ್ಚಾದವು, ಹಾಡುಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಇಳಿದವು. ಪೆನ್‌ಡ್ರೈವಿನ ನಕಲಿಗೆ ಮಸುಕಿಲ್ಲ. ನೂರನೆಯ ನಕಲೂ ಮೊದಲನೆಯದೇ.

ಈ ಸಂಗೀತದ ಮೇಲೆ ರಕ್ತದ ಕಲೆಯಿದೆ, ಅದನ್ನು ಮುಚ್ಚಿ ಮೆಚ್ಚುವುದು ಅಪ್ರಾಮಾಣಿಕ. ನಾರ್ವೆಯಲ್ಲಿ 1992ರ ಜೂನ್ 6ರಂದು ಬರ್ಗನ್ ಬಳಿಯ ಫಾಂಟಾಫ್ಟ್ ಎಂಬಲ್ಲಿದ್ದ, 12ನೇ ಶತಮಾನದ ಮರದ ಚರ್ಚು ಬೆಂಕಿಗೆ ಬಲಿಯಾಯಿತು. ಆ ಸರಣಿಯಲ್ಲಿ ಇನ್ನೂ ಹಲವು ಚರ್ಚುಗಳು ಸುಟ್ಟವು. 1993ರ ಆಗಸ್ಟ್ 10ರಂದು ಮೇಹೆಮ್ ತಂಡದ ಗಿಟಾರ್ ವಾದಕ, ಯೂರೋನಿಮಸ್ ಎಂಬ ಹೆಸರಿನಿಂದ ತಿಳಿದಿದ್ದ ಓಯ್ಸ್ಟೈನ್ ಆರ್ಶೆತ್ ಕೊಲೆಯಾದ. ಕೊಂದವನು ಮೇಲೆ ಹೇಳಿದ ವಿಕೆರ್ನೆಸ್. ಕೊಲೆ ಮತ್ತು ಚರ್ಚು ಸುಟ್ಟ ಅಪರಾಧಗಳಿಗೆ ಅವನಿಗೆ 1994ರಲ್ಲಿ 21 ವರ್ಷಗಳ ಶಿಕ್ಷೆಯಾಯಿತು, ಜನಾಂಗದ್ವೇಷದ ಬರಹಗಳನ್ನು ಅವನು ಆಮೇಲೂ ಬಿಡಲಿಲ್ಲ. ಡಾರ್ಕ್‌ಥ್ರೋನ್ ಕೂಡ ಆ ಕಾಲದಲ್ಲಿ ತನ್ನ ಆಲ್ಬಮ್ಮಿನ ಹೊದಿಕೆಗಾಗಿ ಬರೆದ ಆರ್ಯಜನಾಂಗದ ಹೆಮ್ಮೆಯ ಮಾತಿನಿಂದ ಗದ್ದಲಕ್ಕೆ ಸಿಕ್ಕಿ, ಬಳಿಕ ವಿಷಾದ ಸೂಚಿಸಿತು. ನಾದದ ಒರಟುತನವನ್ನು ನಡತೆಯ ಒರಟುತನಕ್ಕೆ ಪರವಾನಗಿಯೆಂದು ತಿಳಿದದ್ದೇ ಆ ಹುಡುಗರ ದೊಡ್ಡ ಮೂರ್ಖತನ. ಕಲೆ ಬೇರೆ ಕಲಾವಿದ ಬೇರೆ ಎಂಬ ಹಳೆಯ ಸಮಾಧಾನ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ: ಟೇಪಿನ ಸುಸ್ಸೆಂಬ ಸದ್ದಿಗೆ ಯಾವ ಜನಾಂಗವೂ ಇಲ್ಲ ನಿಜ, ಆದರೆ ಆಲ್ಬಮ್ಮಿಗೆ ಕೊಟ್ಟ ಹಣ ಯಾರ ಕೈಗೆ ಹೋಗುತ್ತದೆಂಬುದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

ಈಗ ಒರಟುತನವೂ ಅಂಗಡಿಯಲ್ಲಿ ಸಿಗುವ ಸರಕಾಗಿದೆ. ಕಂಪ್ಯೂಟರಿನಲ್ಲಿ ಶುಚಿಯಾಗಿ ಮುದ್ರಿಸಿದ ಸಂಗೀತಕ್ಕೆ ಹಳೆಯ ಟೇಪಿನ ಸುಸ್ಸನ್ನು, ಸವೆದ ಗ್ರಾಮಫೋನ್ ತಟ್ಟೆಯ ಪಟಪಟವನ್ನು ಬೇಕಾದಷ್ಟು ಬೆರೆಸಿಕೊಡುವ ತಂತ್ರಾಂಶಗಳಿವೆ, ಅದರ ಪ್ರಮಾಣವನ್ನು ಏರಿಸಲು ಇಳಿಸಲು ಪರದೆಯ ಮೇಲೆ ಒಂದು ತಿರುಗಣಿಯೂ ಇದೆ. ಇವುಗಳಿಂದ ಹುಟ್ಟಿದ ಗೊರಗೊರ ಕೇಳಲು ಅಸಲಿನಂತೆಯೇ ಇದ್ದರೂ ಬೇಗ ಹಳಸುತ್ತದೆ, ಏಕೆಂದರೆ ಅದರಲ್ಲಿ ಯಾವ ಪಟ್ಟೂ ಇಲ್ಲ. ನಾಲ್ಕೇ ಹಾದಿಯ ಯಂತ್ರವನ್ನು ಹಿಡಿದವನು ಏನನ್ನು ಬಿಡಬೇಕೆಂದು ಮೊದಲೇ ನಿರ್ಧರಿಸಬೇಕಿತ್ತು, ತಪ್ಪಾದರೆ ಅಳಿಸಿ ಮತ್ತೆ ನುಡಿಸಬೇಕಿತ್ತು ಅಥವಾ ತಪ್ಪನ್ನೇ ಉಳಿಸಿಕೊಳ್ಳಬೇಕಿತ್ತು. ಜೋರಾಗಿರುವುದೆಲ್ಲ ಒರಟಲ್ಲ ಎಂಬುದನ್ನೂ ಇದರ ಜೊತೆಗೆ ಹೇಳಬೇಕು. ಗಣಪತಿ ಬಿಡುವ ಮೆರವಣಿಗೆಗಳಲ್ಲಿ ಲಾರಿಯ ಮೇಲೆ ಪೆಟ್ಟಿಗೆ ಪೇರಿಸಿ ಕಿಟಕಿಯ ಗಾಜು ನಡುಗಿಸುವ ಡಿ.ಜೆ. ಸದ್ದು ಎಷ್ಟೇ ಅಬ್ಬರಿಸಿದರೂ ಮೂಲತಃ ಅತಿ ನುಣುಪಾದದ್ದು, ಮೂಲೆಗಳನ್ನೆಲ್ಲ ಉಜ್ಜಿ ಎಲ್ಲರಿಗೂ ಹಿಡಿಸುವಂತೆ ಮಾಡಿದ್ದು. ಅದೇ ಮೆರವಣಿಗೆಯ ಮುಂದೆ ನಡೆಯುವ ಡೊಳ್ಳಿನ ತಂಡ ಅದಕ್ಕಿಂತ ಮೆತ್ತಗಿದ್ದರೂ ಹೆಚ್ಚು ಒರಟು. ಹಾಗೆಯೇ ಬ್ಲ್ಯಾಕ್ ಮೆಟಲ್ಲಿನ ಒಳ್ಳೆಯ ಧ್ವನಿಮುದ್ರಣಗಳು ವಾಸ್ತವವಾಗಿ ತೆಳ್ಳಗಿನವು, ಎದೆ ಗುದ್ದುವ ತಗ್ಗುಸ್ವರ ಅವುಗಳಲ್ಲಿ ಹೆಚ್ಚಿಲ್ಲ.

ಭದ್ರಾವತಿಯ ಕುಲುಮೆಯ ಸದ್ದಂತೂ ಬಹುಮಟ್ಟಿಗೆ ಅಡಗಿದೆ. ಊರಿನ ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ಉಕ್ಕಿನ ಕಾರ್ಖಾನೆಯಾದ ಆ ಹಳೆಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷದ ಆಗಸ್ಟ್‌ನಲ್ಲಿ ಅದರ ಒಂದು ವಿಭಾಗ ಮತ್ತೆ ಓಡತೊಡಗಿತು. ಸದ್ದಿನಲ್ಲಿ ದುಡಿದವರಲ್ಲಿ ಕಿವಿ ಮಂದವಾಗುವುದು ಇಂಥ ಕಾರ್ಖಾನೆಗಳಿರುವ ಊರಿಗೆಲ್ಲ ಗೊತ್ತಿರುವ ಸಂಗತಿ, ಅದಕ್ಕೆ ಯಾವ ಸೊಗಸೂ ಇಲ್ಲ. ಬ್ಲ್ಯಾಕ್ ಮೆಟಲ್ಲನ್ನು ಹೊಸದಾಗಿ ಕೇಳಹೊರಡುವವರು ಅದನ್ನು ನೆನಪಿಟ್ಟುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರ ಕಿವಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಗಿಂತ ಹೆಚ್ಚು ಬೀಳಬಾರದು. ಇಯರ್‌ಫೋನಿನ ಸದ್ದನ್ನು ಪೂರ್ತಿ ಏರಿಸಿದರೆ ಆ ಮಿತಿ ದಾಟಲು ಬಹಳ ಹೊತ್ತು ಬೇಕಾಗುವುದಿಲ್ಲ. ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಗಲಿ ‘ಫಿಲೊಸೊಫೆಮ್’ ಆಗಲಿ ಮಾತಿನಷ್ಟೇ ಮೆತ್ತಗಿಟ್ಟು ಕೇಳಿದಾಗಲೇ ಅವುಗಳ ಎಳೆ ಬೇಗ ಸಿಗುತ್ತದೆ. ಆದ್ದರಿಂದ ಕೇಳುವವರು ಸದ್ದನ್ನು ಅರ್ಧಕ್ಕಿಂತ ಮೇಲೆ ಏರಿಸದೆ ಕೇಳಲಿ.